ಹಳೆ ಮಂಚ, ಹೊಸ ಬೆಂಚು: ಯಾವ ಮಂಚಕ್ಕೆ ಯಾವುದು ಹೊಂದುತ್ತದೆ?

ಮಂಚ ಬಿಚ್ಚಿ ಗೋಡೆಗೆ ಒರಗಿಸಿ ವರ್ಷವೇ ಕಳೆದಿರುತ್ತದೆ. ಎಸೆಯಲು ಮನಸ್ಸು ಬಾರದು, ಇಟ್ಟುಕೊಳ್ಳಲು ಜಾಗ ಸಾಲದು. ಅಷ್ಟರಲ್ಲಿ ಯಾರೋ ಹಳೆ ಮಂಚದಲ್ಲಿ ಮಾಡಿದ ಬೆಂಚಿನ ಫೋಟೋ ತೋರಿಸುತ್ತಾರೆ, ಇನ್ನೊಬ್ಬರು ಬೇರೆಯದೇ ನಮೂನೆ ತೋರಿಸುತ್ತಾರೆ. ಕಾಲುಕಡೆಯ ಹಲಗೆಯನ್ನು ಸೀಳಿ ಬೆಂಚಿನ ಕೈಗಳನ್ನಾಗಿ ಮಾಡುವುದೋ, ಮಂಚವನ್ನೇ ಕಿರಿದಾಗಿಸಿ ದಿವಾನ ಮಾಡುವುದೋ, ಬರೀ ಪಟ್ಟಿಗಳಲ್ಲಿ ಒರಗಿಲ್ಲದ ಬೆಂಚು ಸಾಕೋ, ಕಬ್ಬಿಣದ ಮಂಚವಾದರೆ ಏನು ಗತಿ? ನನ್ನನ್ನು ಕೇಳುವವರಲ್ಲಿ ಬಹುತೇಕರು ಇಲ್ಲೇ ಸಿಕ್ಕಿಕೊಂಡಿರುತ್ತಾರೆ.

ನಾನು ಹೇಳುವುದು ಇಷ್ಟೇ: ಫೋಟೋ ನೋಡಿ ಬೆಂಚು ಆರಿಸಬೇಡಿ, ಮಂಚ ನೋಡಿ ಆರಿಸಿ. ಮಂಚದ ಅಗಲ, ಅದರ ಮರ, ಅದರ ಕೂಡಿಕೆ, ಈ ಮೂರೂ ಸೇರಿ ಮುಕ್ಕಾಲು ತೀರ್ಮಾನವನ್ನು ನಿಮಗಿಂತ ಮೊದಲೇ ಮಾಡಿಬಿಟ್ಟಿರುತ್ತವೆ.

ಇದನ್ನು ನಾನು ಕಲಿತದ್ದು ಒಂದು ಒಳ್ಳೆಯ ಹಲಗೆ ಹಾಳು ಮಾಡಿಕೊಂಡ ಮೇಲೆ. ಐದಡಿ ಅಗಲದ ಹಾಸಿಗೆ ಹಿಡಿಸುವ ಮಂಚ ಅದು. ಕಾಲುಹಲಗೆಯನ್ನು ಸರಿಯಾಗಿ ಮಧ್ಯಕ್ಕೆ ಸೀಳಿದೆ, ಒಂದೊಂದು ತುಂಡು 31 ಇಂಚು. ಅದಕ್ಕೆ ತಕ್ಕಂತೆ ಸೀಟನ್ನೂ ಆಳವಾಗಿಯೇ ಮಾಡಿದೆ. ಕೂತವರು ಒಂದೋ ಮುಂದಿನ ಅಂಚಿನಲ್ಲಿ ತುದಿಗಾಲಲ್ಲಿ ಕೂರಬೇಕು, ಇಲ್ಲವೇ ಹಿಂದಕ್ಕೆ ಒರಗಿ ಮಗುವಿನಂತೆ ಕಾಲು ಚಾಚಬೇಕು. ಕೊನೆಗೆ ಹನ್ನೊಂದು ಇಂಚು ಮತ್ತೆ ಕತ್ತರಿಸಿದೆ. ಹಲಗೆಯ ನಡುವೆ ಕೆತ್ತಿದ ಹೂವೊಂದಿತ್ತು. ಮೊದಲ ಸಲ ಗರಗಸ ಅದರ ಮೇಲೆಯೇ ಹಾದುಹೋಗಿತ್ತು, ಎರಡನೇ ಸಲ ಉಳಿದರ್ಧ ಹೂವೂ ಹೋಯಿತು. ಆ ತುಂಡುಗಳು ಇನ್ನೂ ನನ್ನ ಹತ್ತಿರ ಇವೆ, ಯಾವುದಕ್ಕೂ ಬಾರದೆ.

ಮೊದಲು ಟೇಪು, ಆಮೇಲೆ ಗರಗಸ

ಕೂರಲು ಹಿತವಾದ ಅಳತೆಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ನೆಲದಿಂದ ಸೀಟು 16ರಿಂದ 18 ಇಂಚು, ಮೆತ್ತೆ ಹಾಕುವುದಾದರೆ ಅದು ಒತ್ತಿಕೊಂಡ ಮೇಲಿನ ಎತ್ತರ. ನೆಟ್ಟಗೆ ಕೂರುವ ಬೆಂಚಿಗೆ ಆಳ 16ರಿಂದ 18 ಇಂಚು, ಆರಾಮವಾಗಿ ಒರಗಿ ಕೂರಲು 20ರಿಂದ 22. ಒಬ್ಬರಿಗೆ 20ರಿಂದ 24 ಇಂಚು ಅಗಲ ಬೇಕು. ಕೈಯೂರುವ ಜಾಗ ಸೀಟಿನಿಂದ 7ರಿಂದ 9 ಇಂಚು ಮೇಲೆ. ಒರಗು ಸ್ವಲ್ಪ ಹಿಂದಕ್ಕೆ ವಾಲಿರಬೇಕು, 20 ಇಂಚು ಎತ್ತರಕ್ಕೆ ಎರಡು ಮೂರು ಇಂಚಿನಷ್ಟು.

ಈಗ ಮಂಚದ ಕಡೆ ಬನ್ನಿ. ಸಿಂಗಲ್ ಮಂಚದ ಹಾಸಿಗೆ 36ರಿಂದ 39 ಇಂಚು ಅಗಲ, ಡಬಲ್ 48ರಿಂದ 54, ಕ್ವೀನ್ 60, ಕಿಂಗ್ 72ರಿಂದ 76. ಚೌಕಟ್ಟು ಇದಕ್ಕಿಂತ ಒಂದೆರಡು ಇಂಚು ಹೆಚ್ಚೇ ಇರುತ್ತದೆ. ಸಿಂಗಲ್ ಮಂಚದ ಕಾಲುಹಲಗೆಯನ್ನು ಎರಡು ಮಾಡಿದರೆ ಒಂದೊಂದು ಹತ್ತಿರ ಹತ್ತಿರ 19, 20 ಇಂಚು ಬರುತ್ತದೆ. ಅಂದರೆ ಬೆಂಚಿನ ಕೈಗೆ ಬೇಕಾದಷ್ಟೇ. ಕ್ವೀನ್ ಮಂಚದಲ್ಲಿ ಅದು 31 ಆಗುತ್ತದೆ, ನಾನು ಬಿದ್ದ ಹಳ್ಳ ಅದೇ. ನೀವು ನೋಡುವ ಚೆಂದದ ಕೈಯುಳ್ಳ ಬೆಂಚುಗಳಲ್ಲಿ ಬಹಳಷ್ಟು ಯಾಕೆ ಇಬ್ಬರಿಗಷ್ಟೇ ಸಾಕಾಗುವ ಪುಟ್ಟ ಬೆಂಚುಗಳು ಎಂಬುದಕ್ಕೂ ಇದೇ ಕಾರಣ.

ಇನ್ನೊಂದು ಅಳತೆಯನ್ನು ಯಾರೂ ನೋಡುವುದಿಲ್ಲ: ತಲೆಹಲಗೆಯ ಕೆಳಗಿನ ಖಾಲಿ ಜಾಗ. ಮಂಚದಲ್ಲಿ ಅದನ್ನು ಹಾಸಿಗೆ ಮುಚ್ಚಿರುತ್ತದೆ. ಬೆಂಚಾದಾಗ ಸೀಟಿಗೂ ಒರಗಿಗೂ ನಡುವೆ ದೊಡ್ಡ ಕಿಂಡಿ ಬಾಯಿ ಬಿಡುತ್ತದೆ. ನಾಲ್ಕೈದು ಇಂಚಾದರೆ ಒಳ್ಳೆಯದೇ, ಸೊಂಟಕ್ಕೆ ಜಾಗ ಸಿಗುತ್ತದೆ. ಎಂಟು ಇಂಚು ದಾಟಿದರೆ ಬೆನ್ನಿಗೆ ಆಸರೆಯೇ ಇರುವುದಿಲ್ಲ. ಆಗ ತಲೆಹಲಗೆಯ ಕಾಲನ್ನು ಕೆಳಗಿನಿಂದ ಕತ್ತರಿಸಿ ಇಡೀ ಹಲಗೆಯನ್ನು ಇಳಿಸಬೇಕು. ಹಾಗೆ ಇಳಿಸಿದಾಗ ಉದ್ದ ಪಟ್ಟಿ (ಮಂಚದ ಬದಿಯಲ್ಲಿ ತಲೆಹಲಗೆಯನ್ನೂ ಕಾಲುಹಲಗೆಯನ್ನೂ ಕೂಡಿಸುವ ಪಟ್ಟಿ) ಸಿಕ್ಕಿಸುವ ಹಳೆಯ ತೂತುಗಳೂ ಇಳಿಯುತ್ತವೆ, ಅವು ಸೀಟಿನ ಮಟ್ಟಕ್ಕೆ ಬರುವುದಿಲ್ಲ. ಹೊಸ ತೂತು ಕೊರೆಯಲೇಬೇಕು ಎಂದು ಮೊದಲೇ ಲೆಕ್ಕ ಹಿಡಿದಿರಿ.

ಮರದ ಗುಣ

ಮಂಚದ ಅಡಿಭಾಗದ ಅಂಚು ನೋಡಿ, ಅಲ್ಲಿ ಪಾಲಿಶ್ ಇರುವುದಿಲ್ಲ. ಮೇಲಿನ ಎಳೆಗಳು ಅಂಚಿನವರೆಗೂ ಹರಿದು ತುದಿಯಲ್ಲಿ ಬಳೆಗಳಂತೆ ಕಂಡರೆ ಅದು ಗಟ್ಟಿ ಮರ. ತೆಳ್ಳನೆಯ ಸಿಪ್ಪೆ ಅಂಟಿಸಿದ ಗೆರೆ ಕಂಡು, ಒಳಗೆ ಪದರ ಪದರವಾಗಿದ್ದರೆ ಪ್ಲೈವುಡ್. ಹೊಟ್ಟು ಒತ್ತಿ ಮಾಡಿದಂತೆ ಪುಡಿಪುಡಿಯಾಗಿದ್ದರೆ ಪಾರ್ಟಿಕಲ್ ಬೋರ್ಡ್. ದಪ್ಪ ರಟ್ಟಿನ ಹಾಗೆ ಒಂದೇ ಸಮ ನುಣುಪಾಗಿದ್ದರೆ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ.

ಪಾರ್ಟಿಕಲ್ ಬೋರ್ಡಿನ ಮಂಚವಾದರೆ ಆಸೆ ಬಿಡಿ. ಒಮ್ಮೆ ಬಿಚ್ಚಿದ ತೂತಿನಲ್ಲಿ ಸ್ಕ್ರೂ ಮತ್ತೆ ಹಿಡಿಯುವುದಿಲ್ಲ, ಕತ್ತರಿಸಿದ ಅಂಚಿಗೆ ನೀರು ತಗುಲಿದರೆ ಉಬ್ಬುತ್ತದೆ, ಉಬ್ಬಿದ್ದು ಇಳಿಯುವುದಿಲ್ಲ. ಅದರಲ್ಲಿ ಉಳಿಸಿಕೊಳ್ಳಬಹುದಾದದ್ದು ಅಡ್ಡಪಟ್ಟಿ, ಕಬ್ಬಿಣದ ಸಾಮಾನು, ಬೋಲ್ಟುಗಳು ಅಷ್ಟೆ. ಪ್ಲೈವುಡ್ಡು ಸೀಟಿಗೆ ಒಳ್ಳೆಯದು, ಕಾಲಿಗೆ ಬೇಡ. ಗಟ್ಟಿ ಮರದಲ್ಲೂ ಚೇಗಿನ (ಒಳತಿರುಳಿನ) ಭಾಗ ಯಾವುದು, ಹೊರಗಿನ ಬಿಳಿ ಭಾಗ ಯಾವುದು ನೋಡಿಕೊಳ್ಳಿ, ಹುಳು ಮೊದಲು ತಿನ್ನುವುದು ಬಿಳಿಯನ್ನು.

ಹುಳುವಿನ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ಗುಂಡುಸೂಜಿಯ ತಲೆಯಷ್ಟು ತೂತುಗಳು ಇದ್ದ ಮಾತ್ರಕ್ಕೆ ಕುಟ್ಟೆ ಹುಳು ಇನ್ನೂ ಇದೆ ಎಂದಲ್ಲ, ಹಿಂದೆಂದೋ ಬಂದು ಹೋಗಿರಬಹುದು. ಹಲಗೆಯನ್ನು ಚೆನ್ನಾಗಿ ತಟ್ಟಿ, ಒರೆಸಿ, ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಹಿಟ್ಟಿನಂಥ ನಯವಾದ ಪುಡಿ ಹೊಸದಾಗಿ ಬಿದ್ದಿದ್ದರೆ ಹುಳು ಒಳಗೆ ಕೆಲಸ ಮಾಡುತ್ತಿದೆ. ಬೇರೆಯವರ ಮನೆಯ ಮಂಚವಾದರೆ ತಿಗಣೆಯನ್ನೂ ಮರೆಯಬೇಡಿ. ಅದು ರಕ್ತವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದು, ಅಡಗುವುದು ಕೂಡಿಕೆಗಳ ಸಂದಿಯಲ್ಲಿ, ಸ್ಕ್ರೂ ತೂತಿನಲ್ಲಿ. ಪೂರ್ತಿ ಬಿಚ್ಚಿ, ಟಾರ್ಚು ಹಿಡಿದು ನೋಡಿ. ಕಪ್ಪು ಚುಕ್ಕೆಗಳ ಸಾಲು ಕಂಡರೆ ಒಳಗೆ ತರುವ ಮೊದಲು ಸಂದಿಸಂದಿಗೂ ಬಿಸಿ ಹಬೆ ಹಾಯಿಸಬೇಕು. 50 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ಒಳಗಿನವರೆಗೂ ಮುಟ್ಟಿದರೆ ಅದು ಉಳಿಯುವುದಿಲ್ಲ.

ಮಂಚ ಹೊರುವ ಭಾರ ಬೇರೆ, ಬೆಂಚು ತಡೆಯುವ ಭಾರ ಬೇರೆ

ಇದು ಈ ಇಡೀ ಕೆಲಸದ ತಿರುಳು, ಹಾಗಾಗಿ ಸ್ವಲ್ಪ ನಿಧಾನವಾಗಿ.

ಮಂಚದ ಮೇಲೆ ಬೀಳುವ ಭಾರವೆಲ್ಲ ಕೆಳಮುಖ. ತಲೆಹಲಗೆಗೆ ಒರಗಿದರೂ ಹಿಂದೆ ಗೋಡೆ ಇರುತ್ತದೆ, ತಳ್ಳುವ ಬಲವನ್ನು ಗೋಡೆ ತಿನ್ನುತ್ತದೆ. ಅದಕ್ಕೇ ಅನೇಕ ಮಂಚಗಳಲ್ಲಿ ಉದ್ದ ಪಟ್ಟಿಯನ್ನು ಬರೀ ಕೊಕ್ಕೆಯಿಂದ ಸಿಕ್ಕಿಸಿರುತ್ತಾರೆ. ಭಾರ ಬಿದ್ದಷ್ಟೂ ಕೊಕ್ಕೆ ಕಚ್ಚಿಕೊಳ್ಳುತ್ತದೆ. ಬೆಂಚು ಹಾಗಲ್ಲ. ಕೂತವರು ಪ್ರತಿ ಸಲ ಒರಗಿದಾಗಲೂ ಒರಗು ಹಿಂದಕ್ಕೆ ಹೋಗಲು ನೋಡುತ್ತದೆ, ಆ ತಿರುಚುವ ಬಲವನ್ನೆಲ್ಲ ಸೀಟಿನ ಪಟ್ಟಿ ಹಿಂಗಾಲನ್ನು ಕೂಡುವ ಒಂದು ಅಂಗೈ ಅಗಲದ ಜಾಗ ತಡೆಯಬೇಕು. ಆರೇಳು ತಿಂಗಳಲ್ಲಿ ಕಿರುಗುಟ್ಟಲು ಶುರುವಾಗುವುದು ಅಲ್ಲಿಯೇ. ಜಾಗ ಬದಲಿಸಲು ಬೆಂಚಿನ ಮುಂಭಾಗ ಹಿಡಿದು ಎತ್ತಿದರೆ ಕೊಕ್ಕೆ ಕಳಚಿಕೊಂಡು ಕೈಗೇ ಬರುತ್ತದೆ.

ಆದ್ದರಿಂದ ಕೊಕ್ಕೆ ತೆಗೆದು ಬೋಲ್ಟು ಹಾಕಿ. ಒಂದು ಕೂಡಿಕೆಗೆ ಎರಡು, ಒಂದರ ಮೇಲೊಂದು, ನಡುವೆ ಕನಿಷ್ಠ ಮೂರು ಇಂಚು ಬಿಟ್ಟು. ಒಳಮೂಲೆಗೆ ತ್ರಿಕೋನದ ಮರದ ತುಂಡು ಅಂಟಿಸಿ ಸ್ಕ್ರೂ ಹಾಕಿ. ಕೈಗಳಿದ್ದರೆ ಇನ್ನೂ ಒಳ್ಳೆಯದು: ಕೈ ಕೆಳಗೆ ಸೀಟಿನ ಪಟ್ಟಿಯನ್ನು ಹಿಡಿದು, ಮೇಲೆ ಒರಗಿನ ಕಂಬವನ್ನು ಹಿಡಿದು ಎರಡು ಕಡೆ ಬಿಗಿಯುವುದರಿಂದ ತಿರುಚುವ ಬಲ ಹಂಚಿಹೋಗುತ್ತದೆ. ನೋಡಲು ಚೆಂದಕ್ಕೆ ಎಂದು ನಾವು ಅಂದುಕೊಳ್ಳುವ ಕೈಗಳು ಅಸಲಿಗೆ ಬೆಂಚಿನ ಬೆನ್ನೆಲುಬು.

ಜೊತೆಗೆ ಮಗುಚುವ ಭಯ. ನಾಲ್ಕಡಿ ಎತ್ತರದ ತಲೆಹಲಗೆ, 18 ಇಂಚಿನ ಆಳ, ನೆಟ್ಟಗಿನ ಹಿಂಗಾಲು. ಮಗುವೊಂದು ಸೀಟಿನ ಮೇಲೆ ನಿಂತು ಒರಗಿನ ಮೇಲಿನಿಂದ ಬಗ್ಗಿದರೆ ಇಡೀ ಬೆಂಚು ಹಿಂದಕ್ಕೆ ಬೀಳುತ್ತದೆ. ಒರಗು ನೆಲದಿಂದ 36, 38 ಇಂಚು ಮೀರದಂತೆ ಇಳಿಸಿ, ಇಲ್ಲವಾದರೆ ಗೋಡೆಗೆ ಬಿಗಿಯಿರಿ. ಅದೂ ಆಗದಿದ್ದರೆ ಹಿಂಗಾಲಿನ ಪಾದವನ್ನು ಮೂರು ನಾಲ್ಕು ಇಂಚು ಹಿಂದಕ್ಕೆ ಚಾಚಿ.

ಒಂದು: ತಲೆಹಲಗೆ ಒರಗು, ಕಾಲುಹಲಗೆ ಸೀಳಿ ಕೈಗಳು

ಗಟ್ಟಿ ಮರದ ಸಿಂಗಲ್ ಮಂಚ ಇದ್ದರೆ ಬೇರೇನೂ ಯೋಚಿಸದೆ ಇದಕ್ಕೇ ಹೋಗಿ. ಮರ ವ್ಯರ್ಥವಾಗುವುದು ಕಡಿಮೆ, ಕೈಗಳಿಂದ ಬಿಗಿ ಬರುತ್ತದೆ, ಕಾಲುಹಲಗೆಯ ಹೊರಗಿನ ಕಂಬಗಳೇ ಬೆಂಚಿನ ಮುಂಗಾಲುಗಳಾಗುತ್ತವೆ. ಸೀಳಿದ ಅಂಚು ಹಿಂದಕ್ಕೆ ಹೋಗಿ ತಲೆಹಲಗೆಯ ಕಂಬಕ್ಕೆ ತಾಗುತ್ತದೆ, ಕತ್ತರಿಸಿದ ಗುರುತು ಯಾರಿಗೂ ಕಾಣುವುದಿಲ್ಲ. ಉದ್ದ ಪಟ್ಟಿಗಳನ್ನು ಮೋಟು ಮಾಡಿದರೆ ಸೀಟಿನ ಮುಂದಿನ ಮತ್ತು ಹಿಂದಿನ ಪಟ್ಟಿಗಳೂ ಸಿಕ್ಕಿದವು.

ಡಬಲ್ ಮಂಚದಲ್ಲೂ ಆಗುತ್ತದೆ, ಆದರೆ ಮಧ್ಯಕ್ಕೆ ಸೀಳುವ ಬದಲು ಎರಡೂ ತುದಿಯಿಂದ 20 ಇಂಚು ಅಳೆದು ಕತ್ತರಿಸಬೇಕು. ನಡುವಿನ ತುಂಡು ಹೊರಗೆ. ಕೆತ್ತನೆ ಇರುವುದು ನಡುವಿನಲ್ಲೇ ಆದ್ದರಿಂದ ಅದು ನಿಮಗೆ ಮುಖ್ಯವೋ ಅಲ್ಲವೋ ಮೊದಲೇ ನಿರ್ಧರಿಸಿ. ಕಂಬಿ ಕಂಬಿಯಾಗಿ ಕಡೆದ ಕಾಲುಹಲಗೆಯಾದರೆ ಕಂಬಿಗಳ ನಡುವೆ ಗರಗಸ ಹಾಯಬೇಕು, ಕತ್ತರಿಸಿದ ಕಡೆ ಮೇಲಿನ ಕೆಳಗಿನ ಪಟ್ಟಿಗಳನ್ನು ಹಿಡಿಯುವ ಹೊಸ ಕಂಬವೊಂದನ್ನು ಕೂಡಿಸಬೇಕು. ಇಲ್ಲದಿದ್ದರೆ ಕೈ ಅಲುಗಾಡುತ್ತದೆ.

ಕೆಲಸದ ಮಟ್ಟ ಮಧ್ಯಮ. ಗರಗಸ ನೇರವಾಗಿ ಓಡಿಸಲು, ಡ್ರಿಲ್ ಹಿಡಿಯಲು ಬಂದರೆ ಎರಡು ರಜಾದಿನದ ಕೆಲಸ. ಬಾರದಿದ್ದರೆ ಕತ್ತರಿಸುವುದನ್ನಷ್ಟೇ ಬಡಗಿಯ ಕೈಲಿ ಮಾಡಿಸಿ, ಜೋಡಣೆ ನೀವೇ ಮಾಡಿ. ಖರ್ಚು ಇಳಿಯುತ್ತದೆ.

ಎರಡು: ತಲೆಹಲಗೆ ಒರಗು, ಕೈಗಳಿಲ್ಲ

ಕ್ವೀನ್, ಕಿಂಗ್ ಮಂಚಗಳ ಅಗಲವಾದ ತಲೆಹಲಗೆಗೆ ಇದು. ಐದಾರು ಅಡಿ ಉದ್ದದ, ಮೂರು ಜನ ಧಾರಾಳವಾಗಿ ಕೂರುವ ಬೆಂಚು ಬರುತ್ತದೆ. ಮುಂಗಾಲುಗಳನ್ನು ಮಾತ್ರ ಹೊಸದಾಗಿ ಮಾಡಬೇಕು, ಅದಕ್ಕೆ ಉದ್ದ ಪಟ್ಟಿಯ ತುಂಡುಗಳನ್ನು ಎರಡೆರಡು ಅಂಟಿಸಿ ದಪ್ಪ ಮಾಡಿಕೊಳ್ಳಬಹುದು.

ಕೈಗಳಿಲ್ಲ ಅಂದರೆ ಮೇಲೆ ಹೇಳಿದ ತಿರುಚುವ ಬಲ ಪೂರ್ತಿ ಸೀಟಿನ ಕೂಡಿಕೆಯ ಮೇಲೆ. ಹಾಗಾಗಿ ಇದನ್ನು ಗೋಡೆಗೆ ಆನಿಸಿ ಇಡುವವರಿಗೆ ಮಾತ್ರ ನಾನು ಹೇಳುವುದು. ನಡು ಅಂಗಳದಲ್ಲಿ ಇಡುವ ಆಸೆಯಿದ್ದರೆ ಬೇಡ. ನಾಲ್ಕಡಿ ದಾಟಿದ ಮೇಲೆ ನಡುವೆ ಐದನೇ ಕಾಲೊಂದು ಕೊಡಲೇಬೇಕು, ಮಂಚದ ನಡುಗಾಲು ಇದ್ದರೆ ಅದನ್ನೇ ಎತ್ತರಕ್ಕೆ ಹೊಂದಿಸಿ ಹಾಕಿ.

ಇದರಲ್ಲೊಂದು ಲಾಭ ಉಂಟು. ಕಾಲುಹಲಗೆ ಹಾಗೇ ಉಳಿಯುತ್ತದೆ, ಅದನ್ನು ಒರಗಾಗಿ ಇಟ್ಟು ಗಿಡ್ಡ ಬೆಂಚೊಂದು ಮಾಡಬಹುದು. ಒಂದು ಮಂಚ, ಎರಡು ಬೆಂಚು. ಅಣ್ಣತಮ್ಮಂದಿರು ಹಂಚಿಕೊಂಡ ಮಂಚವೊಂದು ಹೀಗೆ ಎರಡು ಮನೆಗೆ ಹೋದದ್ದನ್ನು ನೋಡಿದ್ದೇನೆ. ಬಿಚ್ಚಿದಾಗ ಪಟ್ಟಿಗಳ ಒಳಮೈಯಲ್ಲಿ ಹಳೆಯ ಬಡಗಿ ಪೆನ್ಸಿಲಿನಲ್ಲಿ ಬರೆದ ಗುರುತುಗಳು ಸಿಕ್ಕವು, ಎಡ ಒಂದು, ಬಲ ಒಂದು ಎಂದು. ಬೆಂಚು ಜೋಡಿಸುವಾಗಲೂ ಅದೇ ಗುರುತು ಹಿಡಿದು ಜೋಡಿಸಿದರು.

ಮೂರು: ದಿವಾನ

ಮಂಚ ಕತ್ತರಿಸಲು ಮನಸ್ಸೇ ಬಾರದವರಿಗೆ ಇಲ್ಲಿ ದಾರಿ ಇದೆ, ಆದರೆ ಸಿಂಗಲ್ ಮಂಚವಾದರೆ ಮಾತ್ರ. ಉದ್ದಕ್ಕೆ ಗೋಡೆಗೆ ಆನಿಸಿ, ಗೋಡೆಯ ಕಡೆ 8ರಿಂದ 10 ಇಂಚು ದಪ್ಪದ ಒರಗುದಿಂಬುಗಳನ್ನು ಸಾಲಾಗಿ ಇಟ್ಟುಬಿಡಿ. 36 ಇಂಚಿನ ಆಳ 26, 28ಕ್ಕೆ ಇಳಿಯುತ್ತದೆ. ತಲೆಹಲಗೆ, ಕಾಲುಹಲಗೆ ಎರಡೂ ಬದಿಯ ಕೈಗಳಾಗುತ್ತವೆ. ಒಂದು ಸ್ಕ್ರೂ ಕೂಡ ಬಿಚ್ಚಬೇಕಿಲ್ಲ, ನೆಂಟರು ಬಂದರೆ ದಿಂಬು ತೆಗೆದು ಮಲಗಿಸಬಹುದು.

ಅಗಲ ಮಂಚವನ್ನು ಕಿರಿದು ಮಾಡಿ ದಿವಾನ ಮಾಡುವುದು ಇಷ್ಟು ಸುಲಭವಲ್ಲ. ತಲೆಹಲಗೆ, ಕಾಲುಹಲಗೆ ಎರಡನ್ನೂ ಸುಮಾರು 26 ಇಂಚಿಗೆ ಕತ್ತರಿಸಬೇಕು. ಕತ್ತರಿಸಿದ ಕಡೆ ಕಂಬ ಹೋಯಿತು, ಅದನ್ನು ಬಿಡಿಸಿ ಮತ್ತೆ ಕೂಡಿಸಬೇಕು. ಒಳ್ಳೆಯ ಕೈಯ ಕೆಲಸ ಬೇಡುತ್ತದೆ. ಸಂಪಾದಿಸುವುದು ಏನು ಎಂದರೆ ಆರೂವರೆ ಅಡಿ ಉದ್ದದ ಒರಗಿಲ್ಲದ ಕಟ್ಟೆ. ನನ್ನ ಮಟ್ಟಿಗೆ ಇದು ಲಾಭದ ಬಾಬತ್ತಲ್ಲ, ಅಗಲ ಮಂಚಕ್ಕೆ ಎರಡನೇ ದಾರಿಯೇ ಮೇಲು.

ದಿವಾನದ ನಿಜವಾದ ಖರ್ಚು ಮರದಲ್ಲಿಲ್ಲ, ಮೆತ್ತೆಯಲ್ಲಿದೆ. ಆರಡಿ ಉದ್ದಕ್ಕೆ ಒಳ್ಳೆಯ ಫೋಮು, ಬಟ್ಟೆ, ಹೊಲಿಗೆ, ಮೇಲೆ ಮೂರು ನಾಲ್ಕು ಒರಗುದಿಂಬು ಅಂದರೆ ಮೂಗಿಗಿಂತ ಮೂಗುತಿ ಭಾರ. ಹಳೆಯ ಹಾಸಿಗೆ ಗಟ್ಟಿಯಾಗಿದ್ದರೆ ಅದನ್ನೇ ಕತ್ತರಿಸಿ ಹೊಸ ಬಟ್ಟೆ ಹೊಲಿಸಿ. ಸ್ಪ್ರಿಂಗಿನ ಹಾಸಿಗೆಯನ್ನು ಮಾತ್ರ ಕತ್ತರಿಸಲು ಹೋಗಬೇಡಿ.

ನಾಲ್ಕು: ಪಟ್ಟಿಗಳ ಬೆಂಚು

ತಲೆಹಲಗೆ ಮುರಿದಿದೆ, ಹುಳು ತಿಂದಿದೆ, ಇಲ್ಲವೇ ಪಾರ್ಟಿಕಲ್ ಬೋರ್ಡು. ಹಾಗಿದ್ದರೆ ಇದು. ಎರಡು ಉದ್ದ ಪಟ್ಟಿ, ನಾಲ್ಕು ಕಾಲು, ಮೇಲೆ ಅಡ್ಡಪಟ್ಟಿಗಳು. ಚಪ್ಪಲಿ ಹಾಕಿಕೊಳ್ಳುವ ಜಾಗಕ್ಕೆ, ಊಟದ ಮೇಜಿನ ಒಂದು ಬದಿಗೆ, ಗಿಡದ ಕುಂಡ ಇಡಲು ಸಾಕು. ಎಲ್ಲಕ್ಕಿಂತ ಕಡಿಮೆ ಖರ್ಚು, ಕಲಿಯುವವರಿಗೆ ಮೊದಲ ಕೆಲಸವಾಗಿ ಎಲ್ಲಕ್ಕಿಂತ ಒಳ್ಳೆಯದು.

ಪಟ್ಟಿಗಳನ್ನು ಉದ್ದಕ್ಕೆ ಹಾಸುವ ಆಸೆ ಎಲ್ಲರಿಗೂ ಬರುತ್ತದೆ, ನೋಡಲು ಅದೇ ಚೆಂದ. ಆದರೆ ಮುಕ್ಕಾಲು ಇಂಚು ದಪ್ಪದ ಪಟ್ಟಿ ನಾಲ್ಕಡಿ ಉದ್ದಕ್ಕೆ ಆಧಾರವಿಲ್ಲದೆ ಬಾಗುತ್ತದೆ, ಸುಮಾರು 18 ಇಂಚಿಗೊಂದು ಅಡ್ಡ ಆಧಾರ ಬೇಕು. ಅಡ್ಡಕ್ಕೆ ಹಾಸಿದರೆ ಅಂತರವೇ 16, 18 ಇಂಚು, ತಾನಾಗಿಯೇ ಗಟ್ಟಿ. ಬಿಲ್ಲಿನಂತೆ ಬಾಗಿದ ಪದರದ ಪಟ್ಟಿಗಳಿದ್ದರೂ ಚಿಂತೆಯಿಲ್ಲ: 18 ಇಂಚಿಗೆ ಕತ್ತರಿಸಿದಾಗ ಬಾಗು ಕಣ್ಣಿಗೇ ಬೀಳದಷ್ಟಾಗುತ್ತದೆ. ಉಬ್ಬು ಮೇಲ್ಮುಖವಾಗಿರಲಿ. ಪಟ್ಟಿಗಳ ನಡುವೆ ಸಣ್ಣ ಸಂದಿ ಸಾಕು, ಮಕ್ಕಳ ಬೆರಳು ಸಿಕ್ಕಿಕೊಳ್ಳುವಷ್ಟು ಬೇಡ. ಹಳೆ ಪಟ್ಟಿಯ ತುದಿ ಸುಲಭವಾಗಿ ಸೀಳುತ್ತದೆ, ತೂತು ಕೊರೆಯದೆ ಸ್ಕ್ರೂ ಹೊಡೆಯಲೇಬೇಡಿ.

ಐದು: ಪೆಟ್ಟಿಗೆ ಬೆಂಚು

ಒಳಗೆ ಸಾಮಾನು ಇಡುವ ಪೆಟ್ಟಿಗೆ ಮಂಚ ಇದ್ದವರಿಗೆ ಈ ಯೋಚನೆ ಸಹಜವಾಗಿ ಬರುತ್ತದೆ. ಮಾಡಬಹುದು, ಮೆತ್ತೆ ಚಾದರ ಇಡಲು ಅನುಕೂಲ. ಆದರೆ ಮುಚ್ಚಳ ಎತ್ತುವ ಗ್ಯಾಸ್ ಪಿಸ್ಟನ್ನುಗಳನ್ನು ಹಾಗೇ ತಂದು ಹಾಕಬೇಡಿ. ಅವು ಇಡೀ ಹಾಸಿಗೆಯ ಭಾರ ಎತ್ತಲು ಅಳೆದು ಮಾಡಿದವು. ಎಂಟು ಹತ್ತು ಕಿಲೋ ತೂಗುವ ಬೆಂಚಿನ ಮುಚ್ಚಳ ಮುಚ್ಚಿಕೊಳ್ಳುವುದೇ ಇಲ್ಲ, ಒತ್ತಿ ಮುಚ್ಚಿದರೆ ಕೈ ಬಿಟ್ಟ ಕೂಡಲೇ ರಪ್ಪನೆ ಏಳುತ್ತದೆ. ಮುಚ್ಚಳ ನಿಧಾನ ಇಳಿಸುವ ಸಣ್ಣ ಆಧಾರ ಸಾಕು. ಮಕ್ಕಳಿರುವ ಮನೆಯಲ್ಲಿ ತಾನಾಗಿ ಬೀಗ ಬೀಳುವ ಕೊಂಡಿ ಬೇಡ, ಬದಿಯಲ್ಲಿ ನಾಲ್ಕಾರು ಗಾಳಿತೂತು ಇರಲಿ.

ಆರು: ಕಬ್ಬಿಣದ ಮಂಚ

ಹೊರಗೆ ಇಡಲು ಬೇಕಿದ್ದರೆ ನನ್ನ ಒಲವು ಇದರ ಕಡೆ. ಒರಗು, ಕೈ, ಕಾಲು ಕಬ್ಬಿಣದವು, ಸೀಟು ಮಾತ್ರ ಮರದ ಪಟ್ಟಿಗಳು. ಕತ್ತರಿಸುವ ಕ್ರಮ ಒಂದನೆಯ ದಾರಿಯದೇ. ವೆಲ್ಡಿಂಗ್ ಮಾಡಿಸಬೇಕು ಎಂಬುದು ಇದರ ತೊಡಕು, ಹಾಗಾಗಿ ಕೆಲಸ ನಿಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ.

ಬಹಳ ಹಳೆಯ ಮಂಚಗಳಲ್ಲಿ ಪೈಪು ಬೇರೆ, ಮೂಲೆಯ ಅಲಂಕಾರದ ಗಂಟುಗಳು ಬೇರೆ. ಗಂಟುಗಳು ಎರಕದ ಕಬ್ಬಿಣ, ಸುತ್ತಿಗೆ ಪೆಟ್ಟಿಗೆ ಬಿರಿಯುತ್ತವೆ, ಮಾಮೂಲಿ ವೆಲ್ಡಿಂಗಿಗೂ ಬಿರುಕು ಬಿಡುತ್ತವೆ. ಕತ್ತರಿಸುವುದಿದ್ದರೆ ಪೈಪಿನಲ್ಲಿ ಕತ್ತರಿಸಿ, ಗಂಟು ಮುಟ್ಟಬೇಡಿ. ಸತು ಲೇಪಿಸಿದ ಪೈಪಾದರೆ ವೆಲ್ಡಿಂಗ್ ಮಾಡುವ ಕಡೆ ಲೇಪ ಉಜ್ಜಿ ತೆಗೆಯಲು ಹೇಳಿ. ಅದರ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ. ತುಕ್ಕು ಮೇಲಿನದಷ್ಟೇ ಆದರೆ ಉಜ್ಜಿ ಪ್ರೈಮರ್ ಹೊಡೆದರೆ ಸರಿ, ಕಾಲಿನ ಬುಡದಲ್ಲಿ ಸ್ಕ್ರೂಡ್ರೈವರಿನಿಂದ ಕುಟ್ಟಿದಾಗ ಒಳಗೆ ಹೋದರೆ ಆ ಭಾಗ ಕತ್ತರಿಸಿ ಎಸೆಯಲೇಬೇಕು. ಪೈಪಿನ ತಗ್ಗಿನ ಭಾಗದಲ್ಲಿ ನೀರು ಹೊರಬೀಳಲು ಒಂದು ಸಣ್ಣ ತೂತು ಬಿಡಿ, ಕಬ್ಬಿಣ ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ.

ಮಗುವಿನ ತೊಟ್ಟಿಲು ಮಂಚವನ್ನು ಬೆಂಚು ಮಾಡುವ ಬಗ್ಗೆ ಎರಡೇ ಮಾತು. ಅದರ ಕಂಬಿ, ಸ್ಕ್ರೂ ಎಲ್ಲ ಪುಟ್ಟ ಮಗುವಿನ ಭಾರಕ್ಕೆ ಮಾಡಿದವು, ದೊಡ್ಡವರು ಕೂರುವ ಬೆಂಚಾಗಿ ಬೇಡ. ಒಂದು ಬದಿ ತೆಗೆದು, ತಳದ ಹಲಗೆಗೆ ಕೆಳಗಿನಿಂದ ಆಧಾರ ಕೊಟ್ಟು ಮಕ್ಕಳಿಗೆ ಕೂತು ಓದಲು ಇಡಬಹುದು.

ಬಣ್ಣ ಮತ್ತು ಪಾಲಿಶ್

ಹಳೆಯ ಬಣ್ಣದ ಮಂಚವನ್ನು ಒಣ ಉಪ್ಪುಕಾಗದದಲ್ಲಿ ಉಜ್ಜಬೇಡಿ, ಅದರಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ ನಿಷೇಧವಾದದ್ದು 1978ರಲ್ಲಿ, ಅನೇಕ ದೇಶಗಳಲ್ಲಿ ಅದಕ್ಕೂ ಬಹಳ ತಡವಾಗಿ. ಒದ್ದೆ ಮಾಡಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರವಿಡಿ, ಉದುರಿದ್ದನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಬಣ್ಣವಿಲ್ಲದ ಹೊಳಪಿನ ಮಂಚವಾದರೆ ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಿ. ಅಂಟಂಟಾಗಿ ಕರಗಿ ಬಂದರೆ ಅದು ಅರಗಿನ ಪಾಲಿಶ್. ಮನೆಯೊಳಗೆ ಚೆನ್ನ, ನೀರು ಬಿದ್ದರೆ ಬೆಳ್ಳಗಾಗುತ್ತದೆ, ಹೊರಗೆ ಉಳಿಯುವುದಿಲ್ಲ. ತೇಗದಂಥ ಮರ ಬರಿಮೈಯಲ್ಲೂ ಹೊರಗೆ ಬಾಳುತ್ತದೆ, ಬೂದು ಬಣ್ಣಕ್ಕೆ ತಿರುಗುತ್ತದೆ ಅಷ್ಟೆ. ಉಳಿದ ಬಹುತೇಕ ಮರಗಳಿಗೆ ಹೊರಾಂಗಣದ ಲೇಪ ಬೇಕು, ಅದನ್ನು ಆಗಾಗ ಮತ್ತೆ ಹಚ್ಚುತ್ತಲೂ ಇರಬೇಕು. ಆ ತಾಳ್ಮೆ ನಿಮಗಿಲ್ಲ ಎಂದು ಗೊತ್ತಿದ್ದರೆ ಮರದ ಬೆಂಚನ್ನು ಸೂರಿನ ಕೆಳಗೇ ಇಡಿ. ನಾನೂ ಹಾಗೇ ಮಾಡಿದ್ದೇನೆ.

ಹಾಗಾದರೆ ನಿಮಗೆ ಯಾವುದು?

ಕೈಯಲ್ಲಿ ದುಡ್ಡು ಕಡಿಮೆ, ಸಲಕರಣೆಯೂ ಇಲ್ಲ ಅಂದರೆ ಪಟ್ಟಿಗಳ ಬೆಂಚು, ಇಲ್ಲವೇ ಸಿಂಗಲ್ ಮಂಚವಿದ್ದರೆ ಕತ್ತರಿಸದ ದಿವಾನಕ್ಕೆ ಹಳೆ ಹಾಸಿಗೆಯದೇ ಮೆತ್ತೆ. ಸಲಕರಣೆ ಇದೆ, ಕೈ ಪಳಗಿದೆ, ಗಟ್ಟಿ ಮರವೂ ಇದೆ ಅಂದರೆ ಕೈಗಳಿರುವ ಬೆಂಚು. ಅದಕ್ಕೆ ಮೆತ್ತೆಯ ಹಂಗಿಲ್ಲ, ಎಲ್ಲಿ ಬೇಕಾದರೂ ಇಡಬಹುದು. ವಯಸ್ಸಾದವರು ಕೂರುವುದಾದರೆ ಖರ್ಚು ಎಷ್ಟೇ ಆಗಲಿ ಇದನ್ನೇ ಮಾಡಿಸಿ, ಏಳುವಾಗ ಒತ್ತಿಕೊಳ್ಳಲು ಕೈ ಬೇಕು, ಸೀಟೂ 18 ಇಂಚಿಗೆ ಕಡಿಮೆ ಬೇಡ. ಗೋಡೆ ಪಕ್ಕದ ಉದ್ದ ಜಾಗ, ಅಗಲ ಮಂಚ, ಕೂರುವವರು ಮೂವರು ನಾಲ್ವರು ಅಂದರೆ ಎರಡನೆಯದು. ಮಳೆ ಬಿಸಿಲಿಗೆ ಒಡ್ಡುವುದಾದರೆ ಕಬ್ಬಿಣ.

ಅಜ್ಜ ಅಜ್ಜಿಯ ಮಂಚ, ಕತ್ತರಿಸಲೂ ಆಗದು ಬಿಡಲೂ ಆಗದು ಎಂದು ತೂಗಾಡುತ್ತಿರುವವರು ಇನ್ನೊಂದು ಸಂಗತಿ ಗಮನಿಸಿ. ಎರಡನೆಯ ದಾರಿಯಲ್ಲಿ ತಲೆಹಲಗೆ ಎತ್ತರ ಹೆಚ್ಚಿಲ್ಲದಿದ್ದರೆ ಅದನ್ನೂ ಕಾಲುಹಲಗೆಯನ್ನೂ ಕತ್ತರಿಸಬೇಕಿಲ್ಲ, ಮೋಟಾಗುವುದು ಉದ್ದ ಪಟ್ಟಿಗಳು ಮಾತ್ರ. ಆ ಪಟ್ಟಿಗಳ ಬದಲು ಬೇರೆ ಮರ ಹಾಕಿ, ಮೂಲ ಪಟ್ಟಿಗಳನ್ನು ಗುರುತು ಬರೆದು ಎತ್ತಿಟ್ಟರೆ ಮುಂದೆಂದಾದರೂ ಮಂಚ ಮತ್ತೆ ಮಂಚವಾಗಬಹುದು. ಆದರೆ ಅಂಟು ಹಾಕದೆ ಬರೀ ಬೋಲ್ಟಿನಲ್ಲಿ ನಿಲ್ಲಿಸಿ, ಗೋಡೆಗೆ ಬಿಗಿಯಿರಿ.

ಯಾವ ದಾರಿ ಹಿಡಿದರೂ ಅಂಟು ಹಚ್ಚುವ ಮೊದಲು ಒಣಗಾಗಿ ಬೋಲ್ಟು, ಕ್ಲ್ಯಾಂಪುಗಳಲ್ಲಿ ಜೋಡಿಸಿ, ಬೆಂಚು ಇರಬೇಕಾದ ಜಾಗದಲ್ಲೇ ನಾಲ್ಕು ದಿನ ಇಡಿ. ಮನೆಯಲ್ಲಿ ಎಲ್ಲರಿಗಿಂತ ಗಿಡ್ಡ ಇರುವವರನ್ನೂ ಎಲ್ಲರಿಗಿಂತ ಭಾರ ಇರುವವರನ್ನೂ ಕೂರಿಸಿ. ಗಿಡ್ಡನೆಯವರ ಪಾದ ನೆಲಕ್ಕೆ ಪೂರ್ತಿ ತಾಗದಿದ್ದರೆ ಕಾಲಿನಿಂದ ಅರ್ಧ ಇಂಚು ತೆಗೆಯಿರಿ, ಭಾರದವರು ಒರಗಿದಾಗ ಎಲ್ಲಿ ಸದ್ದು ಬಂತು ಎಂದು ಕಿವಿಗೊಟ್ಟು ಅಲ್ಲಿ ಮೂಲೆತುಂಡು ಹಾಕಿ. ನನ್ನ 31 ಇಂಚಿನ ಬೆಂಚನ್ನು ನಾನು ಹೀಗೆ ಎರಡು ದಿನ ಇಟ್ಟು ನೋಡಿದ್ದರೂ ಆ ಹೂವು ಅರ್ಧವಾದರೂ ಉಳಿಯುತ್ತಿತ್ತು.